ತುಳುಕದ ತಂಬಿಗೆ

"ಆ ಡಬ್ಬಿ ನಾ ಹಚ್ಚಂಗಿಲ್ಲ ಅಂದ್ರ ಹಚ್ಚಂಗಿಲ್ಲ! ಎಷ್ಟ ಸಲ ಹೇಳೂದ್ರಿ ನಿಮಗ?"

ಶಾಂಭವಿಯ ದನಿ ವಿಜಯಪುರದ ಜೋರಾಪುರ ಪೇಟೆಯ ಆ ಓಣಿಯ ಕೊನೆಯವರೆಗೂ ಹೋಯಿತು. ಎದುರಿನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಟೇಲರ್ ಮೌಲಾಸಾಬ ಇಣುಕಿ ನೋಡಿದ. ಇದು ದಿನದ ರಗಳೆ ಎಂದು ಗೊತ್ತಾಗಿ ಮತ್ತೆ ಕತ್ತರಿ ಆಡಿಸತೊಡಗಿದ.

ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಗಂಡಸು ಮಾತ್ರ ಕದಲಲಿಲ್ಲ. ವಯಸ್ಸು ಮೂವತ್ತರ ಆಸುಪಾಸು. ಬಿಸಿಲಿಗೆ ಕಂದಿದ ಮುಖ, ನಿದ್ದೆ ಕಾಣದ ಕಣ್ಣು. ಬೆನ್ನ ಹಿಂದೆ ಧೂಳು ತಿಂದ ಬೈಕು.

ಅವಳ ಸಿಟ್ಟಿಗೆ ಕಾರಣವಿತ್ತು. ಇಂಜೆಕ್ಷನ್ ಇರುವ ಹೊಸ ಬೈಕುಗಳಿಗೆ ಹೊರಗಿನಿಂದ ಕೂಡಿಸುವ ಆ ಪುಟ್ಟ ಕರಿ ಡಬ್ಬಿ ಕೇಳಿಕೊಂಡು ಬರುವವರೆಲ್ಲ ಕಾಲೇಜು ಹುಡುಗರು. ಎಲ್ಲರಿಗೂ ಬೇಕಾದದ್ದು ಒಂದೇ... ಪಿಕಪ್ಪು! ಹೋದ ವರ್ಷ ಹಾಗೆ ಹಾಕಿಸಿಕೊಂಡ ಒಬ್ಬ ಲಾರಿಗೆ ಗುದ್ದಿ ಕಾಲು ಕಳೆದುಕೊಂಡಿದ್ದ. ಅಂದೇ ಶಾಂಭವಿ ಉಳಿದ ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು.

"ಓಡಸಾಕ ಅಲ್ರಿ ಮ್ಯಾಡಮ್ಮರ..." ಅವನು ಮೆಲ್ಲಗೆ ಅಂದ. "ಸಾವಕಾಶ ಹೋಗಾಕ ಬೇಕಾಗೇತಿ."

ಶಾಂಭವಿಗೆ ನಗು ಬಂತು. ಒಳ್ಳೆಯ ನಗುವಲ್ಲ.

"ಸಾವಕಾಶ ಹೋಗಾಕ ಡಬ್ಬಿ ಯಾಕ್ರಿ? ಕೈ ಸಡ್ಲ ಬಿಟ್ರ ಗಾಡಿ ತಾನಽ ಸಾವಕಾಶ ಹೊಕ್ಕೈತಿ."

"ಸಾವಕಾಶ ಹೊಂಟಾಗಽ ಜಗ್ಗತೈತ್ರಿ ಅದು. ಮೂವತ್ತರಾಗ ಒಮ್ಮೆ ಮುಂದ ದಬ್ಬತೈತಿ, ಒಮ್ಮೆ ಹಿಂದ ಹಿಡಿತೈತಿ. ನಮ್ಮವ್ವ ಹಿಂದ ಕುಂತಿರ್ತಾಳ. ಅಕಿಗಿ ಕ್ಯಾನ್ಸರ್ ಬೆನ್ನ ಎಲುವಿಗೆ ಇಳದೇತಿ. ಜಗ್ಗಿದಾಗೊಮ್ಮೆ ಒದರತಾಳ್ರಿ..."

ಎದುರಿನ ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತು.

ಶಾಂಭವಿ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟಳು. 'ಎಂಥಾ ಮಾತು ಆಡಿಬಿಟ್ಟೆ...' ಎಂದು ಅವಳ ಮನಸ್ಸು ಚುಚ್ಚಿತು.

"ಕಾರ್‌ನ್ಯಾಗ ಕರ್ಕೊಂಡ ಬರಬೇಕಿಲ್ರಿ?" ಈ ಸಲ ಅವಳ ದನಿ ತಗ್ಗಿತ್ತು.

"ಕಾರ್ ಹತ್ತಿದ್ರ ಸಾಕು, ಊರ ಅಗಸಿ ದಾಟೂದ್ರಾಗ ವಾಂತಿ. ಮೊದಲಿಂದ್ಲೂ ಹಂಗಽ. ಈಗ ಕರೆಂಟ್ ಕೊಡಾಕತ್ತ ಮ್ಯಾಲಂತೂ ನೀರ ಸುದ್ದಾ ನಿಲ್ಲೂದಿಲ್ಲ. ಗಾಳಿ ಬೇಕು ಅಂತಾಳ. ಅದಕ್ಕ ಬೈಕ."

ಕರೆಂಟ್ ಎಂದರೆ ವಿಜಯಪುರದ ಆಸ್ಪತ್ರೆಯ ರೇಡಿಯೇಶನ್. ಅವನ ಹೆಸರು ಸಂಗು. ಊರು ಮಮದಾಪುರ. ಅಲ್ಲಿಂದ ಬಬಲೇಶ್ವರ ದಾಟಿ ವಿಜಯಪುರಕ್ಕೆ ಬರುವ ಅಷ್ಟೂ ದಾರಿ ತಾಯಿ ಅವನ ಬೆನ್ನ ಹಿಂದೆ ಒದರುತ್ತಲೇ ಬರುತ್ತಿದ್ದಳು.

ಶಾಂಭವಿ ಸೊಂಟದಿಂದ ಕೀಲಿ ತೆಗೆದು ಕಪಾಟಿನ ಕಡೆ ನಡೆದಳು.

*

ಈ ಗ್ಯಾರೇಜು ಅವಳ ತಂದೆ ಶಿವಯೋಗೆಪ್ಪನದು. ಜೀವಮಾನವಿಡೀ ಇಂಜಿನ್ನುಗಳ ಸದ್ದು ಕೇಳಿ ಅವನ ಕಿವಿ ಮಂದವಾಗಿತ್ತು. ಈಗ ಟ್ಯಾಂಕಿನ ಮೇಲೆ ಅಂಗೈ ಇಟ್ಟೇ ರೋಗ ಹೇಳುತ್ತಿದ್ದ. ಇಂಜೆಕ್ಷನ್, ಸೆನ್ಸರ್, ವೈರಿನ ಕೆಲಸವೆಲ್ಲ ಮಗಳದು.

ಮಗಳು ಮದುವೆಯಾಗಿ ಎರಡೇ ವರ್ಷಕ್ಕೆ ತಿರುಗಿ ಬಂದವಳು. ಗಂಡನಿಗೆ ಪುಣೆಯಲ್ಲಿ ನೌಕರಿ ಇದೆ ಅಂದದ್ದು ಸುಳ್ಳಾಗಿತ್ತು. ಅಲ್ಲಿ ಇನ್ನೊಂದು ಸಂಸಾರ ಇದ್ದದ್ದು ಮಾತ್ರ ನಿಜವಾಗಿತ್ತು! ಬಡತನವನ್ನಾದರೂ ಬೈಗುಳವನ್ನಾದರೂ ತಡೆದುಕೊಂಡೇನು, ಇನ್ನು ಮೇಲೆ ಸುಳ್ಳು ಹೇಳುವ ಗಂಡಸಿನ ನೆರಳೂ ಬೇಡ ಎಂದು ಅವಳು ಅಂದೇ ಆಣೆ ಹಾಕಿಕೊಂಡಿದ್ದಳು.

ಅವಳು ಸಂಗುವಿನ ಬೈಕು ಬಿಚ್ಚಿ ಗಾಳಿಯ ಫಿಲ್ಟರು, ಪ್ಲಗ್ಗು ಎಲ್ಲ ನೋಡಿದಳು. ಎಲ್ಲವೂ ಸರಿಯಿತ್ತು.

"ಗಾಡಿದು ತಪ್ಪಿಲ್ರಿ. ಹೊಗಿ ಕಡಿಮಿ ಆಗ್ಲಿ ಅಂತ ಕಂಪನಿಯವರು ಪೆಟ್ರೋಲ್ ಬಿಗಿ ಹಿಡದು ಬಿಡ್ತಾರ. ಜೋರ ಹೋದ್ರ ಗೊತ್ತಾಗೂದಿಲ್ಲ. ಸಾವಕಾಶ ಹೊಂಟಾಗ ಇಂಜಿನ್ನಿಗೆ ಅರೆಹೊಟ್ಟಿ ಆಗತೈತಿ. ಅದಕ್ಕ ಜಗ್ಗಾಡತೈತಿ. ಈ ಡಬ್ಬಿ ನಡಕ ಕುಂತು, ಇನ್ನೊಂದು ಚೂರು ಹಾಕು ಅಂತ ಹೇಳತೈತಿ, ಅಷ್ಟ."

"ಅವ್ವ ನಮಗ ಬಡಸೂವಾಗ ಹೇಳಿದಂಗ..." ಅಂದ ಸಂಗು.

ಶಾಂಭವಿ ತಲೆಯೆತ್ತಿ ನೋಡಿದಳು. ಈ ಮಾತು ಅವಳಿಗೆ ಇಷ್ಟವಾಯಿತು. ಆದರೆ ತೋರಿಸಿಕೊಳ್ಳಲಿಲ್ಲ.

ಡಬ್ಬಿಯ ಪಕ್ಕದಲ್ಲಿ ಒಂದು ಸಣ್ಣ ತಿರುಪು. ಸೊನ್ನೆಯಲ್ಲಿದ್ದರೆ ಡಬ್ಬಿ ಇದ್ದೂ ಇಲ್ಲದಂತೆ. ತಿರುಗಿಸಿದಷ್ಟೂ ಪೆಟ್ರೋಲು ತುಸು ಹೆಚ್ಚು. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಕೆಲಸ.

"ಒಂದ ತಂಬಿಗಿ ನೀರ ತುಂಬ್ರಿ," ಅಂದಳು.

"ಕುಡಿಯಾಕೇನ್ರಿ?"

"ತೊಡಿ ಮ್ಯಾಲ ಇಟಗೊಂಡು ಕೂಡಾಕ. ನೀವು ಹೊಡೀರಿ, ನಾ ಹಿಂದ ನಿಮ್ಮವ್ವ ಕುಂತಂಗ ಕೂಡ್ತೀನಿ. ಹ್ಯಾಂಡಲ್ ಹಿಡದಾವಗ ಜಗ್ಗು ಅರ್ಧ ತಿಳಿತೈತಿ. ಹಿಂದ ಕುಂತವರಿಗೆ ಪೂರ್ತಿ ತಿಳಿತೈತಿ."

ಹೀಗೆ ಟಿಕೋಟಾ ರಸ್ತೆಯಲ್ಲಿ, ಎರಡೂ ಬದಿಯ ದ್ರಾಕ್ಷಿ ತೋಟಗಳ ನಡುವೆ, ತುಂಬಿದ ತಂಬಿಗೆ ಹಿಡಿದ ಒಬ್ಬ ಹೆಂಗಸು ಪರಿಚಯವಿಲ್ಲದ ಒಬ್ಬ ಗಂಡಸಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು ಹೊರಟಳು. ನೋಡಿದವರು ಏನಂದುಕೊಂಡರೋ ದೇವರಿಗೇ ಗೊತ್ತು!

ಮೂವತ್ತರ ವೇಗ. ಬೈಕು ಜಗ್ಗಿತು. ನೀರು ಚೆಲ್ಲಿ ಅವಳ ಮಡಿಲು ತೋಯ್ದಿತು.

"ನಿಲ್ಲಸ್ರಿ!"

ಅವಳು ತಿರುಪು ತಿರುವಿದಳು. ಮತ್ತೆ ಹೊರಟರು. ಮತ್ತೆ ಚೆಲ್ಲಿತು. ಬೇವಿನ ಮರದ ಕೆಳಗೆ ನಿಂತರು, ರಸ್ತೆಬದಿಯ ನಳದಲ್ಲಿ ತಂಬಿಗೆ ತುಂಬಿಸಿಕೊಂಡರು, ಮತ್ತೆ ಹೊರಟರು. ಮೊಣಕಾಲಿನವರೆಗೂ ತೋಯ್ದು ಬೈಯುತ್ತಿದ್ದ ಅವಳನ್ನು ಕನ್ನಡಿಯಲ್ಲಿ ನೋಡಿ ಸಂಗುವಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕು ಎಷ್ಟೋ ಕಾಲವಾಗಿತ್ತು.

ಕೊನೆಯ ಸಲ, ಒಣದ್ರಾಕ್ಷಿಯ ಶೆಡ್ಡುಗಳು ಕಾಣುವವರೆಗೂ ಹೋದರು. ತಂಬಿಗೆಯಲ್ಲಿ ನೀರು ಬಾಯಿಯವರೆಗೆ ಇತ್ತು. ತುಳುಕಲಿಲ್ಲ.

ಸಂಗು ಬೈಕು ನಿಲ್ಲಿಸಿ ಇಳಿದು ಆ ತಂಬಿಗೆಯನ್ನೇ ನೋಡುತ್ತ ನಿಂತ.

"ಹ್ವಾದ ವಾರ ಬಬಲೇಶ್ವರ ದಾಟಿಂದ ಅವ್ವ ಅಂದ್ಲರಿ... 'ಸಂಗು, ನನ್ನ ಇಲ್ಲೇ ರಸ್ತಾದ ಮ್ಯಾಲ ಇಳಿಸಿ ಹೋಗಪಾ' ಅಂತ."

ಶಾಂಭವಿ ತಂಬಿಗೆಯನ್ನು ಅವನ ಕೈಗೆ ಕೊಟ್ಟಳು. ಅವನು ಗಟಗಟ ಕುಡಿದ.

*

ಮುಂದಿನ ವಾರ ಸಂಗು ತಾಯಿಯನ್ನೇ ಕರೆದುಕೊಂಡು ಬಂದ.

ನೀಲಾಬಾಯಿ ಹಿಡಿಯಷ್ಟು ಆಗಿದ್ದಳು. ಬೀಳದಿರಲಿ ಎಂದು ಅವಳ ನಡುವಿಗೂ ಮಗನ ನಡುವಿಗೂ ಸೇರಿಸಿ ಒಂದು ಹಳೆ ದೋತ್ರ ಸುತ್ತಿ ಗಂಟು ಹಾಕಿದ್ದ. ಶಾಂಭವಿ ಗಂಟು ಬಿಚ್ಚಿ, ತೋಳು ಹಿಡಿದು ಇಳಿಸಿಕೊಂಡಳು.

"ನೀನಽ ಏನ ಬೇ ತಂಬಿಗಿ ಹಿಡಕೊಂಡ ಕುಂತಾಕಿ?" ಮುದುಕಿ ಅವಳ ಗಲ್ಲ ಸವರಿದಳು. "ಇಂವ ಹೇಳಿದಾ. ಗಾಡಿ ತೊಟ್ಟಲ ಆಗೇತಿ ನೋಡವ್ವಾ. ಇವತ್ತ ತೂಕಡಿಕಿ ಬಂತ ನನಗ!"

ಸಂಗು ಚಹಾ ತರಲು ಹೋದ. ನೀಲಾಬಾಯಿ ಅವನು ಮರೆಯಾಗುವವರೆಗೂ ಕಾದು ಶಾಂಭವಿಯ ಕೈ ಹಿಡಿದಳು.

"ಒಂದ ಮಾತ ಹೇಳ್ಲೇನ ಮಗಳ? ಸಾಯಾಕ ಹೆದರಿಕಿ ಇಲ್ಲ ನನಗ. ಹಾಸಿಗ್ಯಾಗ ಒದರ್ಕೋತ ಸಾಯಾಕ ಹೆದರಿಕಿ. ಇವನ ಬೆನ್ನಿಗೆ ತಲಿ ಕೊಟ್ಟ ಕುಂತಾಗ ನಿದ್ದಿ ಬರತೈತಿ ನೋಡು, ಅದ ನಿದ್ದ್ಯಾಗ ಹ್ವಾದ್ರ ನನ್ನಂಥಾ ಪುಣ್ಯವಂತಿ ಇಲ್ಲ."

"ಏನ ಮಾತಾಡ್ತೀರಿ ಯವ್ವಾ! ಸುಮ್ಮಕ ಕೂಡ್ರಿ."

"ಸಂಗೂನ ಮುಂದ ಹೇಳಬ್ಯಾಡ ಮತ್ತ. ಸಣ್ಣಾಂವಿದ್ದಾಗಿಂದ ಅಳಬುರಕ ಅದಾನ." ಮುದುಕಿ ನಕ್ಕಳು. "ಬಾಯಿ ಸಪ್ಪಗ ಆಗೇತಿ ಬೇ. ಹುಳಿ ಹುಳಿ ಒಣದ್ರಾಕ್ಷಿ ಸಿಕ್ಕರ ತರ್ತೀಯೇನ?"

"ತರ್ತೀನ್ರಿ ಯವ್ವಾ. ಮುಂದಿನ ವಾರ."

ಆಮೇಲೆ ಆಸ್ಪತ್ರೆಗೆ ಬಂದಾಗೆಲ್ಲ ಸಂಗು ಗ್ಯಾರೇಜಿನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ. ಶಾಂಭವಿ ಓಡಿ ಬಂದು ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಅವ್ವ ಹೆಂಗದಾರ್ರಿ?" ಆಮೇಲೆ ದ್ರಾಕ್ಷಿ ಕೊಡುವಳು, ತಿರುಪು ನೋಡುವಳು. ಮೂವತ್ತರ ವೇಗ ದಾಟದ ಅವನಿಗೆ ಮೌಲಾಸಾಬ 'ಮೂವತ್ತರ ಸಾವಕಾರ' ಎಂದು ಹೆಸರಿಟ್ಟ. ಬೈಕು ಓಣಿಯ ತುದಿ ತಿರುಗುವವರೆಗೂ ಶಾಂಭವಿ ಬಾಗಿಲಲ್ಲೇ ನಿಲ್ಲುವುದನ್ನು ಶಿವಯೋಗೆಪ್ಪ ನೋಡಿದ್ದ. ಕಿವಿ ಮಂದ ಇರಬಹುದು, ಕಣ್ಣು ಚೆನ್ನಾಗಿತ್ತಲ್ಲ!

ಆಮೇಲೆ ಒಮ್ಮೆಲೇ ಅವನು ಬರುವುದು ನಿಂತಿತು.

'ಕರೆಂಟ್ ಮುಗಿದಿರಬೇಕು. ಕೆಲಸ ಮುಗಿದ ಮೇಲೆ ನನ್ನ ಕಡೆ ಯಾಕೆ ಬರ್ತಾನೆ?' ಎಂದುಕೊಂಡು ಶಾಂಭವಿ ದಿನ ನೂಕಿದಳು. ಕೊಂಡಿಟ್ಟ ಒಣದ್ರಾಕ್ಷಿಯ ಪೊಟ್ಟಣ ಕಪಾಟಿನಲ್ಲೇ ಉಳಿಯಿತು.

*

ಒಂದು ಮಧ್ಯಾಹ್ನ ಸಂಗು ಒಬ್ಬನೇ ಬಂದ. ಸೊರಗಿದ್ದ. ಗಡ್ಡ ಬಂದಿತ್ತು.

ಶಾಂಭವಿ ಬಾಗಿಲಿಗೆ ಓಡಿ ಬಂದಳು. ಬೈಯಬೇಕೆಂದುಕೊಂಡಿದ್ದೆಲ್ಲ ಮರೆತುಹೋಯಿತು.

"ಅವ್ವ ಹೆಂಗದಾರ್ರಿ?"

ಅವನು ತುಸು ಹೊತ್ತು ಅವಳ ಮುಖವನ್ನೇ ನೋಡಿದ.

"ಆರಾಮ ಅದಾಳ್ರಿ. ಮನ್ಯಾಗ ಅದಾಳ." ಆಮೇಲೆ ನೆಲ ನೋಡುತ್ತ ಅಂದ, "ಗಾಡಿ ಮತ್ತ ಜಗ್ಗಾಕತ್ತೇತ್ರಿ."

ನೋಡಿದರೆ ತಿರುಪು ಸೊನ್ನೆಗೆ ಬಂದಿತ್ತು. ದಾರಿಯ ಕುಲುಕಾಟಕ್ಕೆ ಸರಿದಿರಬೇಕು ಎಂದು ಶಾಂಭವಿ ಮತ್ತೆ ಸರಿಮಾಡಿದಳು. ಕೆಲವು ದಿನ ಬಿಟ್ಟು ಅವನು ಮತ್ತೆ ಬಂದ. ಅವಳು ಮತ್ತೆ ಅದನ್ನೇ ಕೇಳಿದಳು, ಅವನು ಮತ್ತೆ ಅದನ್ನೇ ಹೇಳಿದ. ತಿರುಪು ಮತ್ತೆ ಸೊನ್ನೆಯಲ್ಲಿತ್ತು!

ಅವಳಿಗೆ ತನ್ನ ಕೆಲಸದ ಮೇಲೇ ನಾಚಿಕೆಯಾಯಿತು. ತನ್ನಿಂದಾಗಿ ಆ ಮುದುಕಿ ಮತ್ತೆ ನರಳುತ್ತಿದ್ದಾಳಲ್ಲ! ಅವತ್ತೇ ಅಂಗಡಿಗೆ ಓಡಿ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಸೀಸೆ ತಂದಳು. ತಿರುಪು ಸರಿಯದಂತೆ ಅದರ ಮೇಲೆ ದಪ್ಪಗೆ ಬಣ್ಣ ಬಿಟ್ಟು ಒಣಗಿಸಿದಳು. ಅವಳ ಉಗುರಿಗೂ ಒಂದಿಷ್ಟು ತಾಗಿತು.

"ಇನ್ನ ಅಳಗ್ಯಾಡಂಗಿಲ್ಲ. ಅವ್ವಗ ಹೇಳ್ರಿ, ಶಾಂಭವಿ ಕೈ ಮುಗದು ತಪ್ಪಾತು ಅಂದ್ಲು ಅಂತ."

ಸಂಗುವಿನ ಮುಖ ಒಂಥರಾ ಆಯಿತು. "ಹೇಳ್ತೀನ್ರಿ," ಅಂದ.

ಮೂರನೆಯ ಸಲ ಅವನು ಬಂದಾಗಲೂ ಅವ್ವನನ್ನು ವಿಚಾರಿಸಿಯೇ ಶಾಂಭವಿ ಸೀಟು ಎತ್ತಿದಳು. ನೋಡಿದವಳು ಹಾಗೆಯೇ ನಿಂತಳು.

ತಿರುಪು ಸೊನ್ನೆಯಲ್ಲಿತ್ತು. ಅದರ ಮೇಲಿನ ಕೆಂಪು ಬಣ್ಣವನ್ನು ಯಾರೋ ಬ್ಲೇಡಿನಿಂದ ಹೆರೆದು ತೆಗೆದಿದ್ದರು.

ದಾರಿ ಕುಲುಕಿದರೆ ಬಣ್ಣ ಬಿರುಕು ಬಿಡಬಹುದು, ಹೆರೆದಂತೆ ಆಗುವುದಿಲ್ಲ. ಇದು ಕೈಯ ಕೆಲಸ!

"ಇದನ್ನ ಯಾರ ಮಾಡಿದ್ರು?"

ಅವನು ಬೈಕಿನ ಕೀಲಿ ತಿರುವುತ್ತ ನಿಂತ.

"ನಾ ನಿಮಗ ಕೇಳಾಕತ್ತೇನಿ!"

"ನಾನಽರಿ."

"ಪ್ರತಿ ಸಲಾನೂ?"

"ಹೌದ್ರಿ."

"ಯಾಕ? ಇಲ್ಲಿಗೆ ಬರಾಕ ನೆಪ ಬೇಕಾಗಿತ್ತೇನು?" ಶಾಂಭವಿ ಸೀಟನ್ನು ದಡಕ್ಕನೆ ಕೆಳಗೆ ಬಡಿದಳು. "ಬರೂದಿದ್ರ ಸುಮ್ಮಕ ಬರಬೇಕಾಗಿತ್ತು! ನಾ ಏನ್ ಬಾಗಲಾ ಹಾಕಿದ್ನೇನು? ನಿಮ್ಮ ಅವ್ವನ ಬೆನ್ನ ಎಲುವಿನ ಮ್ಯಾಲ ಆಟ ಆಡಿದ್ರಲ್ಲ! ಅಕಿ ಒದರೂದು ಕೇಳ್ಕೋತ ಗಾಡಿ ಹೊಡದ್ರಿ, ಇಲ್ಲಿ ಬಂದು ನನ್ನ ಮುಂದ ಆರಾಮ ಅದಾಳ ಅಂದ್ರಿ!"

ಶಿವಯೋಗೆಪ್ಪ ಮಾತು ಕೇಳಿಸದಿದ್ದರೂ ಮಗಳ ಮುಖ ನೋಡಿ ಎದ್ದು ನಿಂತ.

"ಹೋಗ್ರಿ ಇಲ್ಲಿಂದ. ನಾಳೆ ನಾನಽ ಮಮದಾಪುರಕ್ಕ ಬರ್ತೀನಿ. ನಿಮ್ಮ ಮಗ ಎಂಥಾಂವ ಅದಾನ ನೋಡ್ರಿ ಅಂತ ನಿಮ್ಮ ಅವ್ವಗ ಹೇಳ್ತೀನಿ!"

ಸಂಗು ಎರಡೂ ಕೈ ಜೋಡಿಸಿದ.

"ಬರಬ್ಯಾಡ್ರಿ... ಕೈ ಮುಗೀತೀನಿ, ನೀವು ಬರಬ್ಯಾಡ್ರಿ."

ಅಷ್ಟೇ ಅಂದು ಬೈಕು ಹತ್ತಿ ಹೋದ. ಅವನ ಬೈಕು ಜಗ್ಗಾಡುತ್ತ ಓಣಿ ದಾಟುವ ಸದ್ದು ಶಾಂಭವಿಗೆ ಕೇಳುತ್ತಲೇ ಇತ್ತು.

'ಮತ್ತೊಬ್ಬ ಸುಳ್ಳ! ನನ್ನ ಹಣೆಬರಕ್ಕೆ ಇವರೇ ಗಂಟುಬೀಳುತ್ತಾರಲ್ಲ...' ಅವಳು ಬಾಗಿಲು ಎಳೆದುಕೊಂಡು ಒಳಗೆ ಕೂತು ಅತ್ತಳು. ಅಳುವಾಗಲೂ ಉಗುರಿನ ಮೇಲಿನ ಕೆಂಪು ಬಣ್ಣ ಕಾಣುತ್ತಿತ್ತು. ಅದನ್ನು ಇನ್ನೊಂದು ಉಗುರಿನಿಂದ ಕೆರೆದಳು. ಹೋಗಲಿಲ್ಲ.

*

ಮರುದಿನ ಬೆಳಿಗ್ಗೆ ಅವಳು ಒಣದ್ರಾಕ್ಷಿಯ ಪೊಟ್ಟಣ ಹಿಡಿದು ಬಸ್ಸು ಹತ್ತಿದಳು. ಬಬಲೇಶ್ವರದಲ್ಲಿ ಬಸ್ಸು ಬದಲಿಸಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮುದುಕಿಯ ಕಾಲು ಹಿಡಿಯಬೇಕು, ಡಬ್ಬಿಯನ್ನು ಸಂಗುವಿನ ಕೈಗೆ ಸಿಗದಂತೆ ಭದ್ರ ಮಾಡಬೇಕು, ಆಮೇಲೆ ಆ ಮನುಷ್ಯನ ಮುಖ ಮತ್ತೆ ನೋಡಬಾರದು!

ಮಮದಾಪುರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ಚಿಲಕ ಹಾಕಿತ್ತು. ಕಟ್ಟೆಯ ಮೇಲೆ ಮಲಗುವ ಹೊರಸೊಂದನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿದ್ದರು. ಅದರ ಕಾಲಿಗೆ ಹಳೆಯ ದೋತ್ರವೊಂದು ಸುತ್ತಿತ್ತು. ಶಾಂಭವಿ ಗುರುತು ಹಿಡಿದಳು.

ಪಕ್ಕದ ಮನೆಯ ರೇಣವ್ವ ಕಾಳು ಹಸನು ಮಾಡುತ್ತಿದ್ದವಳು ತಲೆಯೆತ್ತಿದಳು.

"ಯಾರ ಬೇಕಾಗಿತ್ತ ಬೇ ತಂಗಿ?"

"ನೀಲಾಬಾಯಿಯವರು..."

"ನೀಲಾಬಾಯಿ?" ರೇಣವ್ವ ಮೊರ ಕೆಳಗಿಟ್ಟಳು. "ಅಕಿ ಹೋಗಿ ತಿಂಗಳ ಮ್ಯಾಲಾತಲ್ಲವ್ವಾ! ನಿನಗ ಗೊತ್ತಾಗಿಲ್ಲೇನು?"

ಶಾಂಭವಿಯ ಕೈಯಿಂದ ಪೊಟ್ಟಣ ಜಾರಿತು.

ಆರಾಮ ಅದಾಳ... ಮನ್ಯಾಗ ಅದಾಳ... ಹೇಳ್ತೀನ್ರಿ... ಅವನು ಆಡಿದ ಒಂದೊಂದೇ ಮಾತು ಕಿವಿಯಲ್ಲಿ ಕೇಳಿತು. ಹಾಗಾದರೆ ತಾನು ಮೂರು ಸಲವೂ ಕೇಳಿದ್ದು ಸತ್ತವಳ ಆರೋಗ್ಯವನ್ನೇ!

"ಸಂಗು ಹೊಲದಾಗ ಅದಾನ. ಕೆರಿ ಏರಿ ದಾಟಿದ್ರ ಅಲ್ಲೇ. ಅವ್ವನ್ನ ಮಣ್ಣ ಮಾಡಿದ್ದೂ ಅಲ್ಲೇ," ಅಂದಳು ರೇಣವ್ವ.

*

ಶಾಂಭವಿ ಬಿದ್ದ ಪೊಟ್ಟಣ ಎತ್ತಿಕೊಂಡು ಹಳೆಯ ಕೆರೆಯ ಏರಿ ದಾಟಿ ಹೋದಾಗ ಬದುವಿನ ಮೇಲೆ ಬೈಕು ನಿಂತಿತ್ತು. ಅದರ ಪಕ್ಕದಲ್ಲಿ ಇನ್ನೂ ಕುಸಿಯದ ಹೊಸ ಮಣ್ಣಿನ ದಿಬ್ಬ. ಸಂಗು ಅದರ ಹತ್ತಿರ ಮೊಣಕಾಲು ಕಟ್ಟಿಕೊಂಡು ಕೂತಿದ್ದ. ಅವಳನ್ನು ನೋಡಿ ಏಳಲೂ ಇಲ್ಲ.

"ಯಾಕ ಸುಳ್ಳು ಹೇಳಿದ್ರಿ?" ಶಾಂಭವಿ ಕೇಳಿದಳು. ಕೂಗಬೇಕೆಂದು ಬಂದಿದ್ದಳು, ಕೂಗಲಿಲ್ಲ.

ಅವನು ಮಣ್ಣಿನ ಹೆಂಟೆಯೊಂದನ್ನು ಕೈಗೆತ್ತಿಕೊಂಡ.

"ಅವತ್ತ ಕರೆಂಟ್ ಮುಗಿಸ್ಕೊಂಡು ಹೊಂಟಿದ್ವಿ. ಬಬಲೇಶ್ವರದಾಗ, ಚಾ ಕುಡಿಯೂನೇನ ಯವ್ವಾ ಅಂದ್ನಿ. ಮಾತಾಡ್ಲಿಲ್ಲ. ಬೆನ್ನಿಗೆ ತಲಿ ಕೊಟ್ಟಿದ್ಲು. ನಿದ್ದಿ ಹತ್ತೇತಿ ಅಂತ ತಿಳ್ಕೊಂಡ್ನಿ. ಎಬ್ಬಿಸಬಾರದು ಅಂತ ಇನ್ನಟ ಸಾವಕಾಶ ಹೊಡದ್ನಿ. ಖುಷಿ ಆಗಿತ್ರಿ ನನಗ... ಅವ್ವ ಮಲಗ್ಯಾಳಂತ ಖುಷಿಲೇ ಹಾಡ ಅನಕೋತ ಬಂದ್ನಿ..."

ಅವನು ಕೈಯಲ್ಲಿದ್ದ ಮಣ್ಣಿನ ಹೆಂಟೆಯನ್ನು ಹಿಸುಕಿದ.

"ಮನಿ ಮುಂದ ದೋತ್ರದ ಗಂಟ ಬಿಚ್ಚಿದಾಗ ತಿಳೀತ್ರಿ. ಎಲ್ಲಿ ಹ್ವಾದ್ಲೋ, ಯಾವಾಗ ಹ್ವಾದ್ಲೋ... ನನ್ನ ಬೆನ್ನ ಮ್ಯಾಲಽ ಇದ್ಲು, ನನಗ ಗೊತ್ತಾಗ್ಲಿಲ್ಲ! ಗಾಡಿ ಅಟ ಮೆತ್ತಗ ಓಡಿತ್ರಿ."

ಶಾಂಭವಿ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು.

"ಅವತ್ತ ಗಾಡಿ ಜಗ್ಗಿದ್ರ ಅಕಿ ಒದರತಿದ್ಲು. ಒದರಲಿಲ್ಲಂದ್ರ ನಾ ಹೊಳ್ಳಿ ನೋಡ್ತಿದ್ನಿ. ಅದಕ್ಕ ಆ ತಿರುಪು ಸೊನ್ನೆಗೆ ತಂದ್ನಿ. ಮೆತ್ತಗ ಹೋಗೂ ಗಾಡಿ ಮ್ಯಾಲ ಕೂಡಾಕ ಆಗೂದಿಲ್ರಿ ನನಗ. ಜಗ್ಗಿದ್ರೂ ಆಗೂದಿಲ್ಲ... ಜಗ್ಗಿದಾಗೊಮ್ಮೆ ಅವ್ವ ಹಿಂದಿಂದ 'ಯಪ್ಪಾ' ಅಂದಂಗ ಆಗತೈತಿ. ತಡೀಲಾರದ ನಿಮ್ಮ ಕಡೆ ಬರ್ತಿದ್ನಿ."

"ನನ್ನ ಮುಂದ ಹೇಳಬಾರದಾಗಿತ್ತೇನು?"

"ಹೇಳಾಕಽ ಬಂದಿದ್ನಿ. ನೀವು ಬಾಗಲಕ್ಕ ಓಡಿ ಬಂದು, ಅವ್ವ ಹೆಂಗದಾರ್ರಿ ಅಂದ್ರಿ. ಊರಾಗ ಯಾರೂ ಹಂಗ ಕೇಳೂದಿಲ್ರಿ ಈಗ. ನೀವು ಕೇಳಿದಾಗ ಅಕಿ ಮನ್ಯಾಗ ಇದ್ದಂಗ ಆತು... ಇನ್ನೊಮ್ಮೆ ಕೇಳ್ಲಿ ಅಂತ ಬಂದ್ನಿ. ಮತ್ತೊಮ್ಮೆ ಕೇಳ್ಲಿ ಅಂತ ಬಂದ್ನಿ."

ಅವನು ಅತ್ತುಬಿಟ್ಟ. ಚಿಕ್ಕ ಮಕ್ಕಳಂತೆ, ಮುಖ ಮುಚ್ಚಿಕೊಳ್ಳದೆ ಅತ್ತ. 'ಅಳಬುರಕ ಅದಾನ' ಎಂದ ಮುದುಕಿಯ ನಗು ಶಾಂಭವಿಯ ಕಣ್ಣಮುಂದೆ ಬಂತು.

ಆ ಗಂಡನ ಸುಳ್ಳಿಗೂ ಇವನ ಸುಳ್ಳಿಗೂ ಒಂದೇ ಹೆಸರು ಇಡಲು ಅವಳ ಮನಸ್ಸು ಒಪ್ಪಲಿಲ್ಲ. ಅವನು ಅವಳಿಗೆ ಮೋಸ ಮಾಡಲು ಹೇಳಿದ್ದ. ಇವನು ತಾಯಿಯನ್ನು ಇನ್ನೊಂದು ಗಳಿಗೆ ಉಳಿಸಿಕೊಳ್ಳಲು ಹೇಳಿದ್ದ. ಆದರೂ ನೋವು ನೋವೇ.

"ನಾನೂ ನಿಮ್ಮ ಮುಂದ ಒಂದ ಮಾತ ಮುಚ್ಚಿಟ್ಟೀನಿ," ಅಂದಳು. "ನೀವು ಚಾ ತರಾಕ ಹ್ವಾದಾಗ ಅವ್ವ ನನ್ನ ಕೈ ಹಿಡದು ಹೇಳಿದ್ರು. ಹಾಸಿಗ್ಯಾಗ ಒದರ್ಕೋತ ಸಾಯಾಕ ಹೆದರಿಕಿ ಅಂದ್ರು. ನಿಮ್ಮ ಬೆನ್ನಿಗೆ ತಲಿ ಕೊಟ್ಟಾಗ ಬರೂ ನಿದ್ದ್ಯಾಗ ಹ್ವಾದ್ರ ನನ್ನಂಥಾ ಪುಣ್ಯವಂತಿ ಇಲ್ಲ ಅಂದ್ರು. ನಿಮ್ಮ ಮುಂದ ಹೇಳಬ್ಯಾಡ ಅಂತ ಮಾತ ತಗೊಂಡಿದ್ರು."

ಸಂಗು ಅವಳ ಕಡೆ ಹೊರಳಿದ.

"ಖರೇನಽ ಅಂದ್ಲೇನ್ರಿ?"

"ಅವ್ವನ ಮಣ್ಣಿನ ಮುಂದ ಕುಂತು ಸುಳ್ಳು ಹೇಳ್ತೀನೇನು? ಅಕಿಗಿ ಬೇಕಾದಂಗಽ ಹ್ವಾದ್ಲರಿ. ನೀವು ಹಾಡಾಕತ್ತಿದ್ರಿ. ಕೇಳಿರಬೇಕು."

ಅವನು ಮಣ್ಣಿನ ಮೇಲೆ ಅಂಗೈ ಇಟ್ಟು ಕೂತ. ಶಾಂಭವಿ ಪೊಟ್ಟಣ ಬಿಚ್ಚಿ ಒಣದ್ರಾಕ್ಷಿಯನ್ನು ಒಂದು ಹಿಡಿ ಮಣ್ಣಿನ ತಲೆಯ ಕಡೆ ಇಟ್ಟಳು. ತಡವಾಗಿತ್ತು. ಆದರೂ ಇಟ್ಟಳು.

ಬಿಸಿಲು ಏರುತ್ತಿತ್ತು. ಅವಳು ಎದ್ದು ಬೈಕಿನ ಸೀಟು ಎತ್ತಿ, ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದಳು.

"ಬ್ಯಾಡ್ರಿ!" ಸಂಗು ಗಾಬರಿಯಿಂದ ಎದ್ದ. "ಮೆತ್ತಗ ಮಾಡಬ್ಯಾಡ್ರಿ ಅದನ್ನ..."

"ಮಾಡ್ತೀನಿ. ಆದ್ರ ಈ ಸಲ ಬಣ್ಣ ಹಚ್ಚೂದಿಲ್ಲ. ತಡಕೊಳ್ಳಾಕ ಆಗದಿದ್ದಾಗ ಸೊನ್ನೆಗೆ ತರ್ರಿ. ನನಗ ಹೇಳಿ ತರ್ರಿ. ಸುಳ್ಳು ಮಾತ್ರ ಹೇಳಬ್ಯಾಡ್ರಿ. ಅಳೂದಿದ್ರ 'ಅಳಾಕ ಬಂದೀನಿ' ಅಂತಽ ಬರ್ರಿ. ನನ್ನ ಬಾಗಲಾ ತಗದಿರ್ತೈತಿ."

ಅವನು ಅವಳನ್ನು ನೋಡುತ್ತಲೇ ನಿಂತ. ಮೊದಲ ಸಲ ಅವಳ ಹೆಸರು ಹಿಡಿದು ಕರೆದ.

"ಶಾಂಭವಿ... ನೀವು ನನಗ ಬೇಕಾಗೀರಿ. ಇದನ್ನ ಹೇಳೂ ಹೊತ್ತಲ್ಲ ಇದು. ಆದ್ರ ಇದು ಸುಳ್ಳಲ್ರಿ."

ಶಾಂಭವಿಯ ಕಣ್ಣು ತುಂಬಿ ಬಂತು. ತಿರುಪಿನ ಮೇಲೆ ಬಗ್ಗಿಯೇ ಉತ್ತರ ಕೊಟ್ಟಳು.

"ಗೊತ್ತೈತಿ. ನಂಗೂ ಬೇಕಾಗೀರಿ. ಈಗ ನನ್ನ ಮನಿಗೆ ಮುಟ್ಟಿಸ್ರಿ. ಅಪ್ಪ ಕಾಯ್ತಿರ್ತಾನ."

"ಹಿಂದ ಯಾರರ ಕುಂತ್ರ ಹೊಡ್ಯಾಕ ಆಗೂದಿಲ್ರಿ ನನಗ. ಮೆತ್ತಗ ಹೊಂಟ್ರ... ಹಿಂದ ಸುಮ್ಮಕಾದ್ರ..."

"ನಾ ಸುಮ್ಮಕ ಕೂಡೂದಿಲ್ಲ," ಅಂದಳು ಶಾಂಭವಿ. "ವಿಜಯಪುರ ಮುಟ್ಟೂಮಟಾ ಮಾತಾಡ್ಕೋತ ಕೂಡ್ತೀನಿ. ನನ್ನ ದನಿ ನಿಂತ್ರ ಗಾಡಿ ನಿಲ್ಲಿಸಿ ಹೊಳ್ಳಿ ನೋಡ್ರಿ. ಆತಿಲ್ಲೊ?"

*

ಅವಳು ಮಾತಾಡಿದಳು. ಮೌಲಾಸಾಬ ಇಟ್ಟ ಹೆಸರಿನ ಬಗ್ಗೆ, ಅಪ್ಪನ ಕಿವಿಯ ಬಗ್ಗೆ, ಉಗುರ ಬಣ್ಣ ಕೊಟ್ಟ ಅಂಗಡಿಯವಳು ಮುಸಿಮುಸಿ ನಕ್ಕಿದ್ದರ ಬಗ್ಗೆ. ಬೈಕು ಮೂವತ್ತರಲ್ಲಿ ಮೆತ್ತಗೆ ಓಡುತ್ತಿತ್ತು. ಅವನು ಮೊದಮೊದಲು ಆಗಾಗ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ.

ಬಬಲೇಶ್ವರ ಬಂತು. ಚಹಾದ ಅಂಗಡಿ ಬಂತು, ಹೋಯಿತು. ಇಲ್ಲೇ ಅಲ್ಲವೇ ಅವನು ತಾಯಿಯನ್ನು ಕೂಗಿದ್ದು... ಶಾಂಭವಿಯ ಮಾತು ನಿಂತಿತು.

ಬೈಕು ತಟ್ಟನೆ ನಿಂತಿತು. ಸಂಗು ಹೊರಳಿ ನೋಡಿದ.

"ಶಾಂಭವಿ?"

"ಇಲ್ಲೇ ಅದೀನ್ರಿ." ಅವಳು ಅವನ ಬೆನ್ನಿನ ಮೇಲೆ ಅಂಗೈ ಇಟ್ಟಳು. "ಅಳು ಬಂತು, ಅದಕ್ಕ ಸುಮ್ಮಕಾದೆ."

ಸಂಗು ಮತ್ತೆ ಮುಂದಕ್ಕೆ ತಿರುಗಿದ.

"ಅಳ್ರಿ. ಆದ್ರ ದನಿ ತಗದು ಅಳ್ರಿ... ನನಗ ಕೇಳಬೇಕು."

"ಅತ್ತಕೋತ ಮಾತಾಡ್ಲೇನು?"

"ಹ್ಞೂಂ. ಅತ್ತಕೋತಽ ಮಾತಾಡ್ರಿ."

"ದಾರಿ ದೂರ ಐತಿ. ಬ್ಯಾಸರಾದ್ರೂ ಕೇಳಬೇಕು ಮತ್ತ."

"ಕೇಳ್ತೀನ್ರಿ," ಅಂದ ಸಂಗು, ಗೇರು ಹಾಕುತ್ತ. "ನೀವು ನಿಲ್ಲಸಬ್ಯಾಡ್ರಿ, ಅಷ್ಟ."